ಟೆಂಟು, ಸ್ಟೌ, ಪವರ್‌ಬ್ಯಾಂಕು: ಚಾರಣದ ಸಾಮಾನು ವಿಮಾನ ಹತ್ತುವಾಗ

ವಿಮಾನ ಹತ್ತಲು ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ತಪಾಸಣೆ ಕೋಣೆಗೆ ಓಡಿದರೆ, ಕೌಂಟರಿನಲ್ಲಿ ಕೊಟ್ಟು ಬಂದಿದ್ದ ನನ್ನ ಬೆನ್ನುಚೀಲ ಅಲ್ಲಿ ಮೇಜಿನ ಮೇಲೆ ಬಾಯಿ ತೆರೆದು ಮಲಗಿತ್ತು. ಕೈಗವಸು ತೊಟ್ಟಿದ್ದ ಸಿಬ್ಬಂದಿಯೊಬ್ಬರು ಸ್ಟೌನ ಅಲ್ಯೂಮಿನಿಯಂ ಇಂಧನ ಬಾಟಲಿಯ ಮುಚ್ಚಳ ತಿರುಗಿಸಿ ಮೂಸಿದರು. ಏನೂ ಮಾತಾಡದೆ ಅದನ್ನೇ ನನ್ನ ಮೂಗಿನ ಬಳಿ ಹಿಡಿದರು. ಪೆಟ್ರೋಲ್ ವಾಸನೆ. ಬಾಟಲಿಯಲ್ಲಿ ಒಂದು ಹನಿಯೂ ಇರಲಿಲ್ಲ, ಹಿಂದಿನ ರಾತ್ರಿಯೇ ಬಗ್ಗಿಸಿ ಇಟ್ಟಿದ್ದೆ. ಆದರೂ ಬಾಟಲಿ ಅಲ್ಲೇ ಉಳಿಯಿತು, ನಾನು ಹೊರಟೆ.

ಆಗ ಸಿಟ್ಟು ಬಂದಿತ್ತು. ಆಮೇಲೆ ನಿಯಮ ಓದಿ, ಅದರ ಹಿಂದಿನ ಕಾರಣ ಹುಡುಕಿಕೊಂಡು ಹೋದಾಗ ತಪ್ಪು ನನ್ನದೇ ಎಂದು ಗೊತ್ತಾಯಿತು. ಚಾರಣಕ್ಕೆ ಬೇಕಾದ ವಸ್ತುಗಳಲ್ಲಿ ಮುಕ್ಕಾಲು ಪಾಲಿಗೆ ವಿಮಾನದಲ್ಲಿ ಯಾವ ತಕರಾರೂ ಇಲ್ಲ. ತಕರಾರು ಬರುವುದು ಉಳಿದ ಕಾಲು ಪಾಲಿಗೆ. ಅದರ ನಿಯಮಗಳನ್ನು ಪಟ್ಟಿಯಾಗಿ ಓದಿದರೆ ತಲೆಬುಡ ತಿಳಿಯುವುದಿಲ್ಲ: ಚಾಕು ಕೆಳಗೆ ಹೋಗಬೇಕು, ಬ್ಯಾಟರಿ ಮೇಲೆಯೇ ಇರಬೇಕು, ಸ್ಟೌ ಹೋಗಬಹುದು, ಅದರ ಗ್ಯಾಸು ಹೋಗಬಾರದು. ಕಾರಣ ತಿಳಿದರೆ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ.

ಎರಡು ಜಾಗ, ಎರಡು ಭಯ

ವಿಮಾನದಲ್ಲಿ ಸಾಮಾನು ಇಡಲು ಇರುವುದು ಎರಡೇ ಜಾಗ. ಕೈಯಲ್ಲೇ ಒಯ್ದು ಸೀಟಿನ ಬಳಿ ಇಟ್ಟುಕೊಳ್ಳುವುದು ಕ್ಯಾಬಿನ್ ಬ್ಯಾಗು. ಕೌಂಟರಿನಲ್ಲಿ ತೂಗಿಸಿ ಕೊಟ್ಟು, ಊರು ಮುಟ್ಟಿದ ಮೇಲೆ ಪಡೆಯುವುದು ಚೆಕ್-ಇನ್ ಲಗೇಜು. ಅದು ಹೋಗುವುದು ವಿಮಾನದ ಹೊಟ್ಟೆಯೊಳಗಿನ ಸರಕು ಕೋಣೆಗೆ. ಹಾರಾಟ ಶುರುವಾದ ಮೇಲೆ ಆ ಕೋಣೆಗೆ ಪ್ರಯಾಣಿಕರೂ ಇಳಿಯಲಾರರು, ಸಿಬ್ಬಂದಿಯೂ ಇಳಿಯಲಾರರು.

ಇಡೀ ನಿಯಮಾವಳಿ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಯಾರಾದರೂ ಒಬ್ಬರ ಮೇಲೆ ಎರಗಲು ಬಳಸಬಹುದಾದ ವಸ್ತು ಯಾರ ಕೈಗೂ ಸಿಗದ ಜಾಗದಲ್ಲಿರಬೇಕು, ಹಾಗಾಗಿ ಚಾಕು ಕೆಳಗೆ. ತಾನಾಗಿಯೇ ಬೆಂಕಿ ಹತ್ತಬಹುದಾದ ವಸ್ತು ಕಣ್ಣಿಗೆ ಬೀಳುವ, ಕೈಗೆ ಸಿಗುವ ಜಾಗದಲ್ಲಿರಬೇಕು, ಹಾಗಾಗಿ ಬ್ಯಾಟರಿ ಮೇಲೆ. ಹತ್ತಿಕೊಂಡರೆ ಎಲ್ಲಿದ್ದರೂ ಕಷ್ಟ ಎನ್ನುವಂಥದ್ದಕ್ಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ಇಂಧನ ಆ ಜಾತಿಯದು.

ಕೆಳಗಿನ ಕೋಣೆಯ ಬೆಂಕಿ ಎಂಥದ್ದು ಎಂಬುದಕ್ಕೆ 1996ರ ಮೇ 11ರ ಘಟನೆಯನ್ನು ಇಂದಿಗೂ ನೆನೆಯುತ್ತಾರೆ. ಮಯಾಮಿಯಿಂದ ಅಟ್ಲಾಂಟಾಗೆ ಹೊರಟಿದ್ದ ವ್ಯಾಲ್ಯೂಜೆಟ್ 592 ವಿಮಾನದ ಸರಕು ಕೋಣೆಯಲ್ಲಿ ರಾಸಾಯನಿಕ ಆಮ್ಲಜನಕ ಉತ್ಪಾದಕಗಳಿಂದ ಬೆಂಕಿ ಹುಟ್ಟಿ, ವಿಮಾನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿತ್ತು. ಒಳಗಿದ್ದ 110 ಮಂದಿಯೂ ಸತ್ತರು. ಅದು ಚಾರಣದ ಸಾಮಾನಾಗಿರಲಿಲ್ಲ, ನಿಜ. ಆದರೆ ಕೌಂಟರಿನವರು ನಿಮ್ಮ ಸ್ಟೌ ಮೂಸಿ ನೋಡುವುದರ ಹಿಂದೆ ಇಂಥ ನೆನಪುಗಳಿವೆ.

ನಿಯಮ ಮಾಡುವವರು ಯಾರು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಅಪಾಯಕಾರಿ ವಸ್ತುಗಳ ಬಗ್ಗೆ ಮೂಲ ನಿಯಮ ಹಾಕುತ್ತದೆ. ವಿಮಾನ ಸಂಸ್ಥೆಗಳ ಒಕ್ಕೂಟವಾದ ಐಎಟಿಎ ಅದನ್ನೇ ಕೈಪಿಡಿಯಾಗಿ ಹೊರತರುತ್ತದೆ. ಅದರ ಮೇಲೆ ಆಯಾ ದೇಶದ ಭದ್ರತಾ ನಿಯಮ, ಅದರ ಮೇಲೆ ನೀವು ಟಿಕೆಟ್ ಕೊಂಡ ಸಂಸ್ಥೆಯ ನಿಯಮ. ಮೇಲಿನ ಪದರಗಳು ಇನ್ನಷ್ಟು ಬಿಗಿ ಮಾಡುವುದೇ ಹೆಚ್ಚು. ಹೋಗುವಾಗ ಬಿಟ್ಟ ವಸ್ತುವನ್ನು ಬರುವಾಗ ಹಿಡಿದುಕೊಂಡರೆ ಅದಕ್ಕೆ ಇದೇ ಕಾರಣ.

ಗ್ಯಾಸು ಡಬ್ಬಿ

ಸ್ಟೌ ಕೆಳಗೆ ತಿರುಗಿಸಿ ಕೂರಿಸುವ ಆ ಗಿಡ್ಡ ಡಬ್ಬಿಯಲ್ಲಿ ಇರುವುದು ಬ್ಯೂಟೇನ್, ಐಸೊಬ್ಯೂಟೇನ್, ಪ್ರೊಪೇನ್‌ಗಳ ಮಿಶ್ರಣ. ಬ್ಯೂಟೇನ್ ಕುದಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಪ್ರೊಪೇನ್ ಮೈನಸ್ 42ರಲ್ಲಿ. ಅಂದರೆ ನಮ್ಮ ಸಾಮಾನ್ಯ ಹವೆಯಲ್ಲಿ ಇವೆಲ್ಲ ಅನಿಲವೇ. ಡಬ್ಬಿಯೊಳಗಿನ ಒತ್ತಡವಷ್ಟೇ ಅವನ್ನು ದ್ರವವಾಗಿ ಹಿಡಿದಿಟ್ಟಿದೆ.

ಡಬ್ಬಿ ಎತ್ತರದಲ್ಲಿ ಸಿಡಿಯುತ್ತದೆ, ಅದಕ್ಕೇ ನಿಷೇಧ ಎಂದು ಹಲವರು ನಂಬಿದ್ದಾರೆ. ಅದು ಅಷ್ಟು ಸರಿಯಲ್ಲ. ಪ್ರಯಾಣಿಕ ಜೆಟ್ ವಿಮಾನಗಳಲ್ಲಿ ಸರಕು ಕೋಣೆಗೂ ಕ್ಯಾಬಿನ್‌ನಷ್ಟೇ ಗಾಳಿಯ ಒತ್ತಡ ಇರುತ್ತದೆ, ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ಅದಕ್ಕಿಂತ ಎತ್ತರದ ಶಿಬಿರಗಳಿಗೇ ಚಾರಣಿಗರು ಅದೇ ಡಬ್ಬಿ ಹೊತ್ತೊಯ್ಯುತ್ತಾರೆ, ಏನೂ ಆಗುವುದಿಲ್ಲ.

ನಿಜವಾದ ಭಯ ಸೋರಿಕೆಯದು. ಒಂದು ಲೆಕ್ಕ ನೋಡಿ. 230 ಗ್ರಾಂ ಗ್ಯಾಸು ಪೂರ್ತಿ ಹೊರಬಂದರೆ ಸುಮಾರು 95 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಎರಡು ಪಾಲು ಬೆರೆತರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾದರೆ ಅಂಗೈಯಲ್ಲಿ ಹಿಡಿಯುವ ಒಂದು ಡಬ್ಬಿ 5 ಘನ ಮೀಟರಿನಷ್ಟು ಗಾಳಿಯನ್ನು, ಒಂದು ಸಣ್ಣ ಬಚ್ಚಲುಮನೆ ತುಂಬುವಷ್ಟನ್ನು, ಉರಿಯಬಲ್ಲ ಗಾಳಿಯಾಗಿ ಮಾಡಬಲ್ಲದು. ಅಕ್ಕಪಕ್ಕದ ಯಾವುದೋ ಸೂಟ್‌ಕೇಸಿನಲ್ಲಿ ಬೆಂಕಿ ಹುಟ್ಟಿದರಂತೂ ಡಬ್ಬಿ ಕಾದು ನಿಜವಾಗಿಯೇ ಸಿಡಿಯುತ್ತದೆ. 2017ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ನಡೆಸಿದ ಪರೀಕ್ಷೆಯೊಂದರಲ್ಲಿ ಸೂಟ್‌ಕೇಸಿನೊಳಗಿನ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಬೇಕೆಂದೇ ಅತಿಯಾಗಿ ಕಾಯಿಸಿದರು. ಪಕ್ಕದಲ್ಲಿ ಕಟ್ಟಿಟ್ಟಿದ್ದ, ಕೂದಲಿಗೆ ಹಾಕುವ ಡ್ರೈ ಶಾಂಪೂ ಸ್ಪ್ರೇ ಡಬ್ಬಿ ಒಂದು ನಿಮಿಷದೊಳಗೆ ಸಿಡಿಯಿತು.

ಸೀಲು ಒಡೆಯದ ಹೊಸ ಡಬ್ಬಿಯೂ ಬೇಡ, ಅರ್ಧ ಬಳಸಿದ್ದೂ ಬೇಡ, ಖಾಲಿಯದೂ ಬೇಡ. ಖಾಲಿಯಾಗಿದೆ ಎಂದು ಹೊರಗಿನಿಂದ ನೋಡಿ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಸ್ಪಿರಿಟ್, ಪೆಟ್ರೋಲ್, ಸೀಮೆಎಣ್ಣೆ, ಘನ ಇಂಧನವಾದ ಹೆಕ್ಸಮಿನ್ ಬಿಲ್ಲೆ, ಬೆಂಕಿ ಹೊತ್ತಿಸುವ ಜೆಲ್ ಎಲ್ಲಕ್ಕೂ ಇದೇ ಉತ್ತರ. ಲೈಟರ್ ಅಥವಾ ಸೇಫ್ಟಿ ಬೆಂಕಿಪೊಟ್ಟಣದ ವಿಷಯದಲ್ಲಿ ಮಾತ್ರ ಅಂತರರಾಷ್ಟ್ರೀಯ ನಿಯಮ ಸ್ವಲ್ಪ ಸಡಿಲ: ಒಂದೇ ಒಂದು, ಅದೂ ಜೇಬಿನಲ್ಲಿ, ಲಗೇಜಿನಲ್ಲಿ ಅಲ್ಲ. ಕೆಲವು ದೇಶಗಳಲ್ಲಿ ಅದನ್ನೂ ಕಿತ್ತಿಟ್ಟುಕೊಳ್ಳುತ್ತಾರೆ. ಯಾವ ಒರಟು ಮೇಲ್ಮೈಗೆ ಗೀರಿದರೂ ಹತ್ತುವ ಕಡ್ಡಿಗಳಿಗೆ ಎಲ್ಲೂ ಅವಕಾಶವಿಲ್ಲ.

ಸ್ಟೌ ಹೋಗಬಹುದು, ವಾಸನೆ ಹೋಗುವಂತಿಲ್ಲ

ಗ್ಯಾಸು ಡಬ್ಬಿಯ ಮೇಲೆ ಕೂರಿಸುವ ಪುಟ್ಟ ಬರ್ನರ್ ಬರೀ ಲೋಹ, ಅದರೊಳಗೆ ಇಂಧನ ನಿಲ್ಲುವುದಿಲ್ಲ. ಒರೆಸಿ, ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಲಗೇಜಿಗೆ ಹಾಕಿದರೆ ಆಯಿತು. ಮಸಿ ಹಿಡಿದದ್ದಾದರೆ ತೊಳೆಯಿರಿ. ಕೊಳಕು ಸ್ಟೌ ಕಂಡಾಗ ತಪಾಸಣೆಯವರಿಗೆ ಅನುಮಾನ ಹೆಚ್ಚು.

ಪೆಟ್ರೋಲ್ ಅಥವಾ ಸೀಮೆಎಣ್ಣೆ ಸ್ಟೌಗಳ ಕತೆಯೇ ಬೇರೆ. ಅವುಗಳ ಬಾಟಲಿ, ಪಂಪು, ನಡುವಿನ ಕೊಳವೆ ಮೂರೂ ಇಂಧನ ಕುಡಿದಿರುತ್ತವೆ. ನನ್ನ ಬಾಟಲಿ ಸಿಕ್ಕಿಬಿದ್ದದ್ದು ಅದಕ್ಕೇ. ದ್ರವ ಇಂಧನ ದ್ರವವಾಗಿಯೇ ಉರಿಯುವುದಿಲ್ಲ, ಅದರ ಆವಿ ಗಾಳಿಯೊಂದಿಗೆ ಬೆರೆತು ಉರಿಯುತ್ತದೆ. ತುಂಬಿದ ಬಾಟಲಿಯಲ್ಲಿ ಗಾಳಿಗೆ ಜಾಗ ಕಡಿಮೆ. ಬಗ್ಗಿಸಿ ಖಾಲಿ ಮಾಡಿದ್ದರಲ್ಲಿ ಗೋಡೆಗೆ ಅಂಟಿದ ನಾಲ್ಕು ಹನಿ ಆವಿಯಾಗಿ, ಬಾಟಲಿ ತುಂಬ ಇರುವ ಗಾಳಿಯ ಜೊತೆ ಸೇರಿಕೊಳ್ಳುತ್ತದೆ. ಹೊತ್ತಿಕೊಳ್ಳುವ ವಿಷಯದಲ್ಲಿ, ಈಗಷ್ಟೇ ಖಾಲಿ ಮಾಡಿದ ಬಾಟಲಿಯನ್ನು ಖಾಲಿ ಎನ್ನುವ ಹಾಗಿಲ್ಲ.

ಹಾಗಾಗಿ ಅಂತರರಾಷ್ಟ್ರೀಯ ನಿಯಮ ಗಂಟೆಗಳ ಲೆಕ್ಕವನ್ನೇ ಹಾಕಿಕೊಟ್ಟಿದೆ. ಬಾಟಲಿಯನ್ನು ಕನಿಷ್ಠ 1 ಗಂಟೆ ಬೋರಲು ಹಾಕಿ ಬಸಿಯಬೇಕು. ಆಮೇಲೆ ಕನಿಷ್ಠ 6 ಗಂಟೆ ಮುಚ್ಚಳ ತೆಗೆದು ಆರಲು ಬಿಡಬೇಕು. ಬಳಿಕ ಮುಚ್ಚಳ ಬಿಗಿದು, ತೇವ ಹೀರುವ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚೀಲದ ಬಾಯಿ ಕಟ್ಟಬೇಕು. ಜಾಗ ಚೆಕ್-ಇನ್ ಲಗೇಜಿನಲ್ಲಿ ಮಾತ್ರ, ಅದೂ ವಿಮಾನ ಸಂಸ್ಥೆ ಒಪ್ಪಿದರೆ. ಕೆಲವು ಸಂಸ್ಥೆಗಳು ಒಮ್ಮೆ ಬಳಸಿದ ಬಾಟಲಿಯನ್ನು ಒಪ್ಪುವುದೇ ಇಲ್ಲ. ಟಿಕೆಟ್ ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ, ಬಂದ ಉತ್ತರವನ್ನು ಫೋನಿನಲ್ಲಿಟ್ಟುಕೊಂಡರೆ ಕೌಂಟರಿನಲ್ಲಿ ವಾದ ತಪ್ಪುತ್ತದೆ.

ಈಗ ನಾನು ಮಾಡುವುದು ಹೀಗೆ. ಬಯಲಿನಲ್ಲಿ ಬಾಟಲಿ ಬಗ್ಗಿಸಿ, ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ ಕುಲುಕಿ ಎರಡು ಮೂರು ಸಲ ಚೆಲ್ಲುತ್ತೇನೆ. ಪಂಪನ್ನು ಬಿಚ್ಚಿ ಅದರ ರಬ್ಬರ್ ಬಟ್ಟಲು, ಕವಾಟ ಎಲ್ಲವನ್ನೂ ಒರೆಸುತ್ತೇನೆ. ವಾಸನೆ ಹೆಚ್ಚು ಕಾಲ ಉಳಿಯುವುದು ಅಲ್ಲಿಯೇ. ಎರಡು ದಿನ ಬಿಸಿಲಿಗಿಟ್ಟು, ಕೊನೆಗೆ ಮನೆಯವರ ಕೈಯಲ್ಲಿ ಮೂಸಿಸುತ್ತೇನೆ. ನನ್ನ ಮೂಗಿನ ಮೇಲೆ ಈಗ ನನಗೆ ನಂಬಿಕೆಯಿಲ್ಲ. ನಾಲ್ಕು ಸಲ ಮೂಸಿದ ಮೂಗಿಗೆ ವಾಸನೆ ಒಗ್ಗಿಬಿಟ್ಟಿರುತ್ತದೆ.

ಬ್ಯಾಟರಿ ಮೇಲೆಯೇ ಯಾಕೆ

ಹೆಡ್‌ಲ್ಯಾಂಪ್, ಜಿಪಿಎಸ್, ಕ್ಯಾಮೆರಾ, ಪವರ್‌ಬ್ಯಾಂಕ್ ಎಲ್ಲದರಲ್ಲೂ ಹೆಚ್ಚಾಗಿ ಇರುವುದು ಲಿಥಿಯಂ ಬ್ಯಾಟರಿ. ಒಳಗಿನ ತೆಳು ಪದರ ಜಜ್ಜಿಹೋದರೆ, ಅಥವಾ ಎರಡು ತುದಿಗಳಿಗೆ ಯಾವುದೋ ಲೋಹ ತಾಗಿದರೆ, ಬ್ಯಾಟರಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಒಳಗಿನ ರಾಸಾಯನಿಕ ಕ್ರಿಯೆ ಜೋರಾಗುತ್ತದೆ, ಅದು ಜೋರಾದಷ್ಟೂ ಬಿಸಿ ಏರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಿತ್ತ ಗಾಡಿಯ ಹಾಗೆ. ಬ್ಯಾಟರಿಯೊಳಗಿನ ಒಂದು ಕೋಶ (ಸೆಲ್) ಹೊತ್ತಿದರೆ ಪಕ್ಕದ ಕೋಶವನ್ನೂ ಕಾಯಿಸಿ ಹೊತ್ತಿಸುತ್ತದೆ.

ಸರಕು ಕೋಣೆಯಲ್ಲಿ ಬೆಂಕಿ ನಂದಿಸಲು ಹೇಲಾನ್ 1301 ಎಂಬ ಅನಿಲ ಬಿಡುವ ಏರ್ಪಾಡು ಇರುತ್ತದೆ. ಅದು ಜ್ವಾಲೆಯನ್ನು ಅಡಗಿಸುತ್ತದೆ, ಬ್ಯಾಟರಿಯೊಳಗೆ ಏರುತ್ತಿರುವ ಬಿಸಿಯನ್ನು ಇಳಿಸುವುದಿಲ್ಲ. ಬಿಸಿ ಇಳಿಸಲು ನೀರು ಸುರಿಯಬೇಕು, ನೀರು ಸುರಿಯಲು ಮನುಷ್ಯರು ಬೇಕು. ಕ್ಯಾಬಿನ್‌ನಲ್ಲಿ ಹೊಗೆ ಕಂಡರೆ ಸಿಬ್ಬಂದಿ ಓಡಿಬಂದು ಸುರಿಯುತ್ತಾರೆ.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ, ಹೊರಡಲು ಸಿದ್ಧವಾಗಿ ನಿಂತಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. ಒಳಗಿದ್ದ 176 ಮಂದಿಯೂ ಹೊರಬಂದು ಉಳಿದುಕೊಂಡರು. ತಲೆಯ ಮೇಲಿನ ಗೂಡಿನಲ್ಲಿದ್ದ ಪವರ್‌ಬ್ಯಾಂಕ್ ಕಾರಣವಾಗಿರಬಹುದು ಎಂದು ತನಿಖೆಯವರು ಹೇಳಿದರು. ಅದೇ ವರ್ಷ ಮಾರ್ಚ್ 1ರಿಂದ ಆ ದೇಶದ ವಿಮಾನ ಸಂಸ್ಥೆಗಳಲ್ಲಿ ಪವರ್‌ಬ್ಯಾಂಕನ್ನು ಮೇಲಿನ ಗೂಡಿನಲ್ಲಿಡದೆ ಕಣ್ಣೆದುರಲ್ಲೇ ಇಟ್ಟುಕೊಳ್ಳಬೇಕೆಂಬ ನಿಯಮ ಬಂತು. ಬೇರೆ ಹಲವು ಸಂಸ್ಥೆಗಳೂ ಆಮೇಲೆ ಅದೇ ದಾರಿ ಹಿಡಿದಿವೆ.

ಎಷ್ಟು ದೊಡ್ಡ ಬ್ಯಾಟರಿ ಒಯ್ಯಬಹುದು? ನಿಯಮ ಮಾತಾಡುವುದು ವ್ಯಾಟ್-ಅವರ್ ಭಾಷೆಯಲ್ಲಿ, ಅಂಗಡಿಯವರು ಮಾತಾಡುವುದು ಎಂಎಎಚ್ (mAh, ಮಿಲಿಆಂಪಿಯರ್-ಅವರ್) ಭಾಷೆಯಲ್ಲಿ. ನೀರಿನ ತೊಟ್ಟಿಯನ್ನು ನೆನೆಸಿಕೊಳ್ಳಿ. ಎಂಎಎಚ್ ಎಂದರೆ ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ, ವೋಲ್ಟ್ ಎಂದರೆ ತೊಟ್ಟಿ ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ. ಎರಡನ್ನೂ ಗುಣಿಸಿದರೆ ಆ ನೀರಿನಿಂದ ಎಷ್ಟು ಕೆಲಸ ತೆಗೆಯಬಹುದೆಂದು ತಿಳಿಯುತ್ತದೆ, ಅದೇ ವ್ಯಾಟ್-ಅವರ್. ಪವರ್‌ಬ್ಯಾಂಕಿನೊಳಗಿನ ಕೋಶ ಸಾಮಾನ್ಯವಾಗಿ 3.7 ವೋಲ್ಟಿನದು. ಎಂಎಎಚ್ ಸಂಖ್ಯೆಯನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. 10,000 ಎಂಎಎಚ್‌ನದು 37 ವ್ಯಾಟ್-ಅವರ್, 20,000ದ್ದು 74.

100 ವ್ಯಾಟ್-ಅವರ್‌ವರೆಗೆ ವಿಶೇಷ ಅನುಮತಿ ಬೇಡ. 100ರಿಂದ 160ರ ನಡುವಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಬಿಡಿಯಾಗಿ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. 160 ದಾಟಿದರೆ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. 26,800 ಎಂಎಎಚ್ ಎಂಬ ವಿಚಿತ್ರ ಸಂಖ್ಯೆಯ ಪವರ್‌ಬ್ಯಾಂಕುಗಳನ್ನು ನೋಡಿರಬಹುದು. ಲೆಕ್ಕ ಹಾಕಿದರೆ 99 ಚಿಲ್ಲರೆ ಬರುತ್ತದೆ. ಗೆರೆಯ ಒಳಗೇ ನಿಲ್ಲುವ ಹಾಗೆ ಮಾಡಿದ ಅಳತೆ ಅದು. ಅಕ್ಷರ ಅಳಿಸಿಹೋದ ಹಳೆಯ ಪವರ್‌ಬ್ಯಾಂಕನ್ನು ಮನೆಯಲ್ಲೇ ಬಿಡಿ. ಸಂಖ್ಯೆ ಕಾಣದಿದ್ದರೆ ತಪಾಸಣೆಯವರು ನಿಮ್ಮ ಮಾತನ್ನು ನಂಬಬೇಕಾಗಿಲ್ಲ.

ಬಿಡಿ ಬ್ಯಾಟರಿಗಳ ತುದಿಗೆ ಟೇಪು ಅಂಟಿಸಿ, ಅಥವಾ ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿಡಿ. ಹೆಡ್‌ಲ್ಯಾಂಪನ್ನು ಕೆಳಗೆ ಕಳಿಸಲೇಬೇಕಾದರೆ ಪೂರ್ತಿ ಆರಿಸಿ, ಗುಂಡಿಗೆ ಲಾಕ್ ಇದ್ದರೆ ಹಾಕಿ. ಸ್ಲೀಪಿಂಗ್ ಬ್ಯಾಗಿನ ಮಡಿಕೆಯಲ್ಲಿ ಗುಂಡಿ ಒತ್ತಿಹೋಗಿ ಗಂಟೆಗಟ್ಟಲೆ ಉರಿದರೆ ಬಲ್ಬಿನ ಬಿಸಿ ಸುಮ್ಮನಿರುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳದು ಬೇರೆಯೇ ತೊಡಕು: ಬ್ಯಾಟರಿಯ ದೃಷ್ಟಿಯಿಂದ ಅವು ಸರಿ, ಆದರೆ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ಭಾರತಕ್ಕೆ ತರುವುದಾದರೆ ದೂರಸಂಪರ್ಕ ಇಲಾಖೆಯ ಅನುಮತಿ ಮೊದಲೇ ಬೇಕು.

ಚೂಪು, ಖಾರ, ನೀರು

ಚಾಕು, ಮಡಚುವ ಗರಗಸ, ಟೆಂಟಿನ ಗೂಟ, ಐಸ್ ಆಕ್ಸ್, ಬೂಟಿಗೆ ಕಟ್ಟುವ ಕ್ರ್ಯಾಂಪನ್ ಎಲ್ಲ ಕೆಳಗೆ. ಯುರೋಪಿಯನ್ ಒಕ್ಕೂಟದಲ್ಲಿ 6 ಸೆಂಟಿಮೀಟರಿಗಿಂತ ಚಿಕ್ಕ ಅಲಗನ್ನು ಕ್ಯಾಬಿನ್‌ಗೆ ಬಿಡುತ್ತಾರೆ, ಬೇರೆ ಹಲವೆಡೆ ಅದೂ ಇಲ್ಲ. ಟೆಂಟಿನ ಕೋಲು, ಟ್ರೆಕ್ಕಿಂಗ್ ಪೋಲುಗಳದು ಮೇಜಿನ ಆಚೆ ನಿಂತವರ ಮರ್ಜಿ. ಕೆಳಗೆ ಹಾಕಿಬಿಡುವುದು ಲೇಸು. ಚೂಪಾದ ತುದಿಗಳಿಗೆ ದಪ್ಪ ರಟ್ಟು ಸುತ್ತಿ. ಚೀಲ ಎತ್ತುವವರ ಕೈ ಉಳಿಯುತ್ತದೆ, ನಿಮ್ಮ ಟೆಂಟಿನ ಬಟ್ಟೆಯೂ ಉಳಿಯುತ್ತದೆ.

ಕರಡಿ ಓಡಿಸುವ ಖಾರದ ಸ್ಪ್ರೇಗೆ ಎರಡೂ ಕಡೆ ನಿಷೇಧ. ಮುಚ್ಚಿದ ವಿಮಾನದಲ್ಲಿ ಅದು ಸೋರಿ ಪೈಲಟ್‌ಗಳ ಕಣ್ಣಿಗೆ ಹೋದರೆ ಏನಾಗಬಹುದೆಂದು ಹೇಳಬೇಕಾಗಿಲ್ಲ. ಹಿಮಪಾತದಲ್ಲಿ ಊದಿಕೊಳ್ಳುವ ಏರ್‌ಬ್ಯಾಗ್ ಚೀಲದೊಳಗೆ ಒತ್ತಡದ ಸಿಲಿಂಡರ್ ಇದ್ದರೂ, ಸಂಸ್ಥೆ ಒಪ್ಪಿದರೆ ತಲೆಗೊಂದು ಒಯ್ಯಬಹುದು. ನೀರಿನ ಚೀಲ, ಬಾಟಲಿಗಳನ್ನು ತಪಾಸಣೆಗೆ ಮೊದಲು ಬರಿದು ಮಾಡಿ. ಸನ್‌ಸ್ಕ್ರೀನ್, ಸೊಳ್ಳೆ ಮುಲಾಮು ಕ್ಯಾಬಿನ್‌ನಲ್ಲಾದರೆ 100 ಮಿಲಿಲೀಟರಿನ ಸಾಮಾನ್ಯ ಮಿತಿಯೊಳಗೇ ಇರಲಿ.

ಚೀಲ ಕಟ್ಟುವುದು

55, 40, 20 ಸೆಂಟಿಮೀಟರ್ ಎಂಬುದು ಕ್ಯಾಬಿನ್ ಬ್ಯಾಗಿಗೆ ಹಲವು ಸಂಸ್ಥೆಗಳು ಇಟ್ಟುಕೊಂಡಿರುವ ಅಳತೆಗಳಲ್ಲೊಂದು. ಗುಣಿಸಿದರೆ 44 ಲೀಟರ್. 40 ಲೀಟರಿನ ಬೆನ್ನುಚೀಲ ಒಳಗೆ ಹೋಗುತ್ತದೆ, 65 ಲೀಟರಿನದು ಕೌಂಟರಿಗೇ ಹೋಗಬೇಕು ಎಂದು ಇದರಿಂದಲೇ ತಿಳಿಯಬಹುದು. ಚೆಕ್-ಇನ್‌ಗೆ ಸಾಮಾನ್ಯವಾಗಿ 23 ಕಿಲೋ, ಉದ್ದ ಅಗಲ ಎತ್ತರ ಕೂಡಿದರೆ 158 ಸೆಂಟಿಮೀಟರ್ ಮಿತಿ. ತೂಕ ಮೀರುತ್ತಿದ್ದರೆ ಬೂಟು ಮತ್ತು ದಪ್ಪ ಜಾಕೆಟನ್ನು ಮೈಮೇಲೆ ಹಾಕಿಕೊಳ್ಳಿ.

ಬೆನ್ನುಚೀಲದ ದೊಡ್ಡ ಶತ್ರು ಕನ್ವೇಯರ್ ಬೆಲ್ಟು. ಜೋತಾಡುವ ಒಂದು ಪಟ್ಟಿ ಅದರ ಸಂದಿಗೆ ಸಿಕ್ಕಿಕೊಂಡರೆ ಯಂತ್ರ ಬಿಡುವುದಿಲ್ಲ, ಹೊಲಿಗೆಯೇ ಕಿತ್ತುಬರುತ್ತದೆ. ಸೊಂಟಪಟ್ಟಿಯನ್ನು ಹಿಂದುಮುಂದಾಗಿ ತಿರುಗಿಸಿ ಚೀಲದ ಮುಂಭಾಗಕ್ಕೆ ಸುತ್ತಿ ಬಕಲ್ ಹಾಕಿ, ಉಳಿದ ಪಟ್ಟಿಗಳ ತುದಿಗಳನ್ನು ಸುರುಳಿ ಸುತ್ತಿ ಟೇಪು ಹಾಕಿ. ಹಗುರವಾದ ದೊಡ್ಡ ಚೀಲವೊಂದರೊಳಗೆ ಪೂರ್ತಿ ತುರುಕಿದರೆ ಇನ್ನೂ ಚೆನ್ನ. ಹೊರಗೆ ನೇತುಹಾಕಿದ ಚಾಪೆ, ಲೋಟ ಎಲ್ಲ ಒಳಗೆ ಬರಲಿ.

ಬೂಟಿಗಂಟಿದ ಮಣ್ಣು

ಇದನ್ನು ಹೆಚ್ಚಿನವರು ಮರೆಯುತ್ತಾರೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಇಳಿಯುವಾಗ ಬಳಸಿದ ಟೆಂಟು, ಬೂಟುಗಳನ್ನು ಘೋಷಿಸಬೇಕು. ಬೂಟಿನ ಅಡಿಯ ಗೀರುಗಳಲ್ಲಿ, ಗೂಟದ ತುದಿಯಲ್ಲಿ, ವೆಲ್ಕ್ರೋದಲ್ಲಿ ಮಣ್ಣು, ಬೀಜ ಕೂತಿರುತ್ತವೆ. ನ್ಯೂಜಿಲೆಂಡಿನ ಕೌರಿ ಮರಗಳನ್ನು ಕೊಲ್ಲುವ ರೋಗಾಣು ಸಾಗುವುದು ಕಾಲಿಗಂಟಿದ ಮಣ್ಣಿನಲ್ಲೇ. ಡಿಡಿಮೊ ಎಂಬ ಪಾಚಿ 2004ರಲ್ಲಿ ಅಲ್ಲಿನ ನದಿಯಲ್ಲಿ ಮೊದಲ ಸಲ ಕಂಡಿತು. ಅದು ಹರಡಲು ಒದ್ದೆ ಸಾಮಾನಿನ ಒಂದು ಹನಿ ಸಾಕು. ಘೋಷಿಸದೆ ಸಿಕ್ಕಿಬಿದ್ದರೆ ಅಲ್ಲಿ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಘೋಷಿಸಿದರೆ ನೋಡುತ್ತಾರೆ, ಕೊಳೆ ಇದ್ದರೆ ಶುಚಿ ಮಾಡಿಸುತ್ತಾರೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಬಕೆಟ್ ನೀರು, ಅರ್ಧ ಗಂಟೆ ಇದ್ದರೆ ಮನೆಯಲ್ಲೇ ಮುಗಿಯುವ ಕೆಲಸ. ತೊಳೆದದ್ದು ಒಣಗಿರಬೇಕು ಅಷ್ಟೆ.

ಇಳಿದ ಮೇಲೆ ಇಂಧನ

ಇಂಧನವನ್ನು ಹೋದಲ್ಲೇ ಕೊಳ್ಳಬೇಕು, ಬೇರೆ ದಾರಿಯಿಲ್ಲ. ತಿರುಗಿಸಿ ಕೂರಿಸುವ ಗ್ಯಾಸು ಡಬ್ಬಿಗಳು ಬಹಳ ದೇಶಗಳಲ್ಲಿ ಒಂದೇ ಬಗೆಯವು. ಆದರೆ ಕೆಲವು ಕಡೆ ಚುಚ್ಚಿ ಕೂರಿಸುವ, ಒತ್ತಿ ಕೂರಿಸುವ ಬಗೆಯೂ ಇದೆ, ಅವು ತಿರುಗಿಸುವ ಸ್ಟೌಗೆ ಹೊಂದುವುದಿಲ್ಲ.

ದ್ರವ ಇಂಧನದಲ್ಲಿ ಹೆಸರೇ ಮೋಸ ಮಾಡುತ್ತದೆ. ಅಮೆರಿಕದವರ ವೈಟ್ ಗ್ಯಾಸ್ ಎಂಬುದು ಸ್ಟೌಗೆಂದೇ ಶುದ್ಧಮಾಡಿದ ಪೆಟ್ರೋಲ್ ಜಾತಿಯದು. ಬ್ರಿಟನ್ನಿನ ವೈಟ್ ಸ್ಪಿರಿಟ್ ಬಣ್ಣ ತೆಳುಮಾಡುವ ದ್ರವ. ಜರ್ಮನಿಯಲ್ಲಿ ಪೆಟ್ರೋಲಿಯಂ ಎಂದು ಕೇಳಿದರೆ ಸೀಮೆಎಣ್ಣೆ ಕೊಡುತ್ತಾರೆ, ಪೆಟ್ರೋಲ್ ಬೇಕಾದರೆ ಬೆಂಜೀನ್ ಎನ್ನಬೇಕು. ಬ್ರಿಟನ್ನಿನಲ್ಲಿ ಸೀಮೆಎಣ್ಣೆಗೆ ಪ್ಯಾರಾಫಿನ್. ಸ್ಪಿರಿಟ್ ಸ್ಟೌಗೆ ಬೇಕಾದ್ದು ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಮೆಥಿಲೇಟೆಡ್ ಸ್ಪಿರಿಟ್, ಫ್ರಾನ್ಸಿನಲ್ಲಿ ಆಲ್ಕೊಲ್ ಆ ಬ್ರೂಲೆ. ಹೋಗುವ ದೇಶದಲ್ಲಿ ಇಂಧನಕ್ಕಿರುವ ಹೆಸರನ್ನು ಆ ದೇಶದ ಲಿಪಿಯಲ್ಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸುವುದು ಬಾಯಲ್ಲಿ ಹೇಳುವುದಕ್ಕಿಂತ ಸುಲಭ.

ವಾಪಸು ಬರುವಾಗ ಇದೇ ನಿಯಮಗಳು ಮತ್ತೆ ಎದುರಾಗುತ್ತವೆ, ಆಗ ಸಮಯ ಕಡಿಮೆ ಇರುತ್ತದೆ. ಮಿಕ್ಕ ಗ್ಯಾಸು ಡಬ್ಬಿಯನ್ನು ಬಿಟ್ಟುಹೋಗಲು ಹಲವು ಹಾಸ್ಟೆಲ್, ಶಿಬಿರತಾಣಗಳಲ್ಲಿ ಒಂದು ಕಪಾಟು ಇರುತ್ತದೆ. ಮುಂದೆ ಬರುವವರು ಎತ್ತಿಕೊಳ್ಳುತ್ತಾರೆ. ಪೆಟ್ರೋಲ್ ಸ್ಟೌ ಇದ್ದರೆ ವಿಮಾನದ ಹಿಂದಿನ ದಿನ ಮಧ್ಯಾಹ್ನವೇ ಅದರ ಕೆಲಸ ಮುಗಿಸಿಬಿಡಿ. 1 ಗಂಟೆ ಬೋರಲು, 6 ಗಂಟೆ ಬಾಯಿ ತೆರೆದು: ಅಷ್ಟು ಹೊತ್ತು ಬಾಟಲಿ ಹೊರಗೆ ಗಾಳಿಯಲ್ಲಿ, ಬೆಂಕಿ ಬೀಡಿಗಳಿಂದ ದೂರ ಇರಬೇಕು. ಮುಚ್ಚಳವನ್ನು ನಾನು ಬೂಟಿನೊಳಗೆ ಹಾಕಿಡುತ್ತೇನೆ. ಬೆಳಿಗ್ಗೆ ಬೂಟು ಹಾಕದೆ ಯಾರೂ ಹೊರಡುವುದಿಲ್ಲವಲ್ಲ.